ಬಲಗೈ ಕೊಳಲು

ಎಡಗೈಯವರಿಗೂ ಕೊಳಲು ಮಾಡುತ್ತಾರೆ, ಇಂದೂ. ಆಗಲೂ ಮಾಡುತ್ತಿದ್ದರು. ಹುಬ್ಬಳ್ಳಿಯ ಅಂಗಡಿಯವನು ನನ್ನನ್ನು ಬಾಯಿ ಬಿಟ್ಟು ಕೇಳಿದ್ದ — ಊದುವವರು ಎಡಗೈಯೋ, ಬಲಗೈಯೋ ಅಂತ. ನಾನು ಬಲಗೈ ಅಂದೆ. ಮನೆಗೆ ಬಂದು ನಿನಗೆ, ಎಡಗೈಗೆ ಯಾರೂ ಕೊಳಲು ಮಾಡುವುದೇ ಇಲ್ಲವಂತೆ ಅಂದೆ. ಎರಡೂ ನನ್ನ ಬಾಯಿಂದ ಬಂದ ಮಾತು. ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ಹೆದರಿಸಿದ್ದಲ್ಲ.

ನಿನ್ನ ವೈನಿ ನಾನು. ನಿನ್ನ ಅಣ್ಣನ ಕೈ ಹಿಡಿದು ಮೊರಬಕ್ಕೆ ಬಂದ ದಿನದಿಂದ ನಿನ್ನನ್ನು ಬಲ್ಲೆ. ಊರವರು, ಬೀಗರು ಎಲ್ಲ ನಮ್ಮಿಬ್ಬರನ್ನು ತೋರಿಸಿ, ವೈನಿ-ನಾದಿನಿ ಅಂದರೆ ಹಿಂಗಿರಬೇಕು ಅನ್ನುತ್ತಾರೆ. ಹಾಗಂದಾಗ ನೀನು ನಗುತ್ತೀ. ನಾನೂ ನಗುತ್ತೇನೆ — ಆದರೆ ಆ ನಗು ನನ್ನ ಹಲ್ಲಿನಿಂದ ಒಳಗೆ ಇಳಿಯುವುದಿಲ್ಲ. ಎದುರು ಕೂತು ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆಗೆದಿದ್ದೇನೆ. ಅಷ್ಟರಲ್ಲಿ ನೀನು "ವೈನಿ, ಚಹಾಕ್ಕ ಇಡ್ಲೇನ್ರಿ?" ಅನ್ನುತ್ತೀ, ನಾನು "ಇಡು" ಅನ್ನುತ್ತೇನೆ. ಚಹಾ ಕುಡಿದು ಎದ್ದು ಬರುತ್ತೇನೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲಿಂದ ಹೇಳುತ್ತೇನೆ. ನಿನಗೆ ಗೊತ್ತಿದ್ದದ್ದೂ ಬರುತ್ತದೆ, ಬರಲಿ. ನಿನಗೆ ಗೊತ್ತಿದ್ದದ್ದು ಒಂದು ಬದಿ ಮಾತ್ರ.

ಎಪ್ಪತ್ತರ ದಶಕದ ನಡುವಿನ ವರ್ಷಗಳು ಅವು. ಮಾವನವರು — ನಿನ್ನ ಅಪ್ಪ — ಊರ ಕನ್ನಡ ಸಾಲಿಯಲ್ಲಿ ಮಾಸ್ತರರು. ಸಾಲಿ ಬಿಟ್ಟು ಬಂದು ಕೈಕಾಲು ತೊಳೆದರೆಂದರೆ ನೇರ ಪೇಟಿಯ ಮುಂದೆ. ಹಾರ್ಮೋನಿಯಂ ಅಂತ ಅವರು ಒಂದು ದಿನವೂ ಅಂದವರಲ್ಲ, ಪೇಟಿ ಅಂದರೆ ಪೇಟಿ. ಅವರ ಬಾಜೂ ನೀನು. ಸಂತೆಯಲ್ಲಿ ತಂದ ಸಣ್ಣ ಕೊಳಲು, ತುದಿಗೆ ಹಸಿರು ದಾರ ಸುತ್ತಿದ್ದು. ನಿನಗೆ ಕೊಳಲು ಕಲಿಸುವವರು ಊರಲ್ಲಿ ಯಾರೂ ಇರಲಿಲ್ಲ. ಮಾವನವರು ಪೇಟಿಯಲ್ಲಿ ಒಂದು ಸಾಲು ನುಡಿಸುವರು, ನೀನು ಅದನ್ನು ಕೊಳಲಿನಲ್ಲಿ ಎತ್ತಿಕೊಳ್ಳುವಿ. ಎತ್ತಿಕೊಳ್ಳುವುದು ಅಂದರೆ — ಅವರು ನುಡಿಸಿದ್ದಕ್ಕಿಂತ ಚಂದಾಗಿ. ಅವರಿಗೂ ಅದು ಗೊತ್ತಿತ್ತು, ಅದಕ್ಕೇ ತಲೆ ಬಗ್ಗಿಸಿ ನಗುತ್ತಿದ್ದರು.

ನೀನು ಎಡಚಿ. ಎಲ್ಲರೂ ಕೊಳಲನ್ನು ಬಲಕ್ಕೆ ಚಾಚಿ ಹಿಡಿದರೆ ನೀನು ಎಡಕ್ಕೆ ಚಾಚಿ ಹಿಡಿಯುತ್ತಿದ್ದಿ. ಅತ್ತಿಯವರಿಗೆ — ನಿನ್ನ ಅವ್ವನಿಗೆ — ಅದೊಂದು ನುಂಗಲಾರದ ತುತ್ತು. ನಿನಗೆ ವರ ನೋಡಲು ಶುರುಮಾಡಿದ ಮೇಲಂತೂ ಎಡಗೈ ಅನ್ನುವ ಶಬ್ದವೇ ಮನೆಯಲ್ಲಿ ಕೂಡದು. "ನೋಡಾಕ ಬಂದವರ ಮುಂದ ತಾಟು ಬಲಗೈಲೇ ಕೊಡು. ಎಡಗೈ ಗಿಡಗೈ ಅನ್ನೋ ಮಾತು ಯಾರೂ ಹೊರಗ ಆಡಬ್ಯಾಡ್ರಿ," ಅಂತ ನಮಗೆಲ್ಲ ತಾಕೀತು. ನೀನು ಮಾತ್ರ ಪಡಸಾಲೆಯ ಗೋಡೆಯ ಕನ್ನಡಿ ಮುಂದೆ ನಿಂತು ಕೊಳಲು ಹಿಡಿದು, ಬಾಜೂ ತೂಗುಹಾಕಿದ್ದ ಕ್ಯಾಲೆಂಡರಿನ ಕೃಷ್ಣನನ್ನೂ ನಿನ್ನನ್ನೂ ನೋಡಿಕೊಂಡು ನನಗೆ ಹೇಳುತ್ತಿದ್ದಿ: "ನೋಡ್ರಿ ವೈನಿ, ಕನ್ನಡ್ಯಾಗ ನಾನೂ ಅವನಂಗ ಹಿಡದೇನಿ." ಆ ಮಾತು ನೆನಪಿಟ್ಟುಕೋ. ಮುಂದೆ ಅದನ್ನೇ ನಾನು ಹಿಡಿದು ನಿನಗೆ ಹೊಡೆದೆ.

ನಾನು ಆಗ ಎಲ್ಲಿರುತ್ತಿದ್ದೆ ಅಂತ ನಿನಗೆ ನೆನಪಿದೆಯೋ ಇಲ್ಲವೋ. ಅಡಿಗೆಮನೆಯಲ್ಲಿ. ಬಾವಿ ನೀರು ಸವಳು, ಕುಡಿಯಲಿಕ್ಕೆ ಕೆರೆಯಿಂದಲೇ ತರಬೇಕು. ಸಂಜೆಯ ಕೊಡ ನನ್ನ ಪಾಲಿನದು. ನೀರು ತಂದು ಇಳಿಸಿ ಭಕ್ರಿ ಬಡಿಯಲು ಕೂತರೆ ಗೋಡೆಯ ಆಚೆ ಪೇಟಿ, ಕೊಳಲು. ಹಿಟ್ಟಿನ ಮೇಲೆ ಕೈ ಬೀಳುವುದು ತನ್ನಷ್ಟಕ್ಕೆ ನಿಮ್ಮ ತಾಳಕ್ಕೆ ಕೂಡುತ್ತಿತ್ತು. ದುಮ್ಮವಾಡದ ನನ್ನ ತವರಿನಲ್ಲಿ ನಾನು ಹಾಡುತ್ತಿದ್ದೆ ಇಂದೂ. ಹಾಡುತ್ತಿದ್ದೆ ಅಂದರೆ — ಯಾರ ಮನೆಯ ಆರತಿಯಾದರೂ ನನ್ನನ್ನು ಕರೆಯುತ್ತಿದ್ದರು, ಅಷ್ಟು. ಮೊರಬಕ್ಕೆ ಬಂದ ಮೇಲೆ, ನಿನಗೆ ಹಾಡು ಬರುತ್ತದೇನು ಅಂತ ಒಬ್ಬರೂ ಕೇಳಲಿಲ್ಲ. ಕೇಳಲಿಲ್ಲ ಅಂತ ನಾನೂ ಹೇಳಲಿಲ್ಲ. ಅದೂ ಒಂಥರಾ ಸೊಕ್ಕೇ.

ಒಂದು ಸಂಜೆ ಕೊಡ ಇಳಿಸುವಾಗ ಸೊಂಟ ಹಿಡಿದು, ಇಂದೂನ್ನ ಒಂದೀಟು ಕಳಸ್ರಿ ಅಂದೆ. ಅತ್ತಿ ಅಂದರು: "ಆಕಿ ಊದಾಕತ್ಯಾಳ, ಊದ್ಲಿ ಬಿಡು. ಇನ್ನೆಷ್ಟು ದಿನ ಇರ್ತಾಳ ನಮ್ಮನ್ಯಾಗ?" ತಾಯಿಯ ಮಾತು, ತಪ್ಪೇನಿಲ್ಲ. ಆದರೆ ನನಗೆ ಹೊಟ್ಟೆ ಉರಿಯಿತು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಅನ್ನುತ್ತಾರಲ್ಲ. ನಮ್ಮ ಮನೆಯಲ್ಲಿ ಕೊತ್ತಿ ಇರಲಿಲ್ಲ, ನೀನಿದ್ದಿ.

ಆ ವರ್ಷ ಊರ ವಿಠ್ಠಲನ ಗುಡಿಯಲ್ಲಿ ಭಜನಾ ಸಪ್ತಾಹ ಇಟ್ಟಿದ್ದರು. ಏಳು ದಿನವೂ ಪೇಟಿ ಮಾವನವರದು. ನೀನು ಕೊಳಲು ನುಡಿಸಬೇಕು ಅಂತ ಅವರ ಆಸೆ. ಆದರೆ ಸಂತೆಯ ಕೊಳಲಿನ ದನಿ ಚೀರು ದನಿ. ಮಾವನವರ ಕಂಠ ಇಳಿದಲ್ಲಿಗೆ ಅದು ಇಳಿಯುತ್ತಿರಲಿಲ್ಲ. ನೀನು ಕೆಳಗಿನ ಸ್ವರ ಹುಡುಕಿ ಹುಡುಕಿ, ಸಿಗದೆ, ಕೊಳಲು ತೊಡೆಯ ಮೇಲೆ ಇಟ್ಟು ಕೂತುಬಿಡುತ್ತಿದ್ದಿ. ಒಂದು ದಿನ ಮಾವನವರೇ ಅಂದರು: "ಇದು ಕಲಿಯೋ ಹುಡುಗರ ಕೊಳಲು, ಇನ್ನ ಸಾಕು. ಹಂಗಂತ ದೊಡ್ಡ ಕಲಾವಿದರು ಊದೋದು ನಮಗ್ಯಾಕ? ನಡುವಿಂದು ಒಂದು ತರೋಣು." ಆವತ್ತು ನಿನ್ನ ಮುಖ ನೋಡಬೇಕಿತ್ತು. ಊಟಕ್ಕೆ ಕೂತರೂ ಬೆರಳು ತಾಟಿನ ಅಂಚಿನ ಮೇಲೆ ಆಡುತ್ತಿದ್ದವು. ನಡುವಿಂದು, ನಡುವಿಂದು ಅಂತ ಮನೆತುಂಬ ಅದೇ ಮಾತು.

ನಿನ್ನ ಅಣ್ಣ ರೇಡಿಯೋ ರಿಪೇರಿಗೆಂದು ಹುಬ್ಬಳ್ಳಿಗೆ ಹೊರಟಿದ್ದ. ಅವನ ಜೋಡಿ ನೀನು ಹೋಗಿ ಕೊಳಲು ನೋಡಿ ತರುವುದು ಅಂತ ಗೊತ್ತಾಗಿತ್ತು. ಹೊರಡುವ ಮುಂಜಾನೆಯೇ ನೀನು ಕಡಿಗಾದಿ. ತಿಂಗಳ ಆ ಮೂರು ದಿನ ಏನನ್ನೂ ಮುಟ್ಟುವಂತಿಲ್ಲ, ಬಸ್ಸು ಹತ್ತುವುದಂತೂ ದೂರವೇ ಉಳಿಯಿತು. ಸಪ್ತಾಹ ಹತ್ತಿರ ಬಂದಿತ್ತು, ನಿನ್ನ ಅಣ್ಣನಿಗೆ ಮತ್ತೆ ರಜೆ ಇರಲಿಲ್ಲ. ಮಾವನವರು ಅಂಗಳದಲ್ಲಿ ಅತ್ತಿಂದಿತ್ತ ಅಡ್ಡಾಡಿ, ಕಡೆಗೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. "ನೀ ಭಕ್ರಿ ಬಡಿಯೋ ಮುಂದ ಗುನುಗೋದು ನಾ ಕೇಳೇನಿ. ನಿನ್ನ ಕಿವಿ ಚೊಲೋ ಅದವಾ. ನೀನೇ ಹೋಗಿ ಆರಿಸಿಕೊಂಡು ಬಾ," ಅಂದರು.

ಅಂದರೆ ಅವರು ಕೇಳಿಸಿಕೊಂಡಿದ್ದರು. ಅಷ್ಟು ದಿನವೂ ಕೇಳಿಸಿಕೊಂಡಿದ್ದೂ ಒಂದು ಮಾತೂ ಆಡಿರಲಿಲ್ಲ. ನನಗೆ ಸಂತೋಷವಾಯಿತೋ, ಅಳು ಬಂತೋ — ಇವತ್ತಿಗೂ ಸರಿಯಾಗಿ ಹೇಳಲಾರೆ.

ಮುಂದೆ ಅವರು ಮಾಡಿದ್ದು ನಿನಗೆ ಗೊತ್ತಿದೆ, ನೀನು ಹಿತ್ತಲ ಕಟ್ಟೆಯ ಮೇಲಿಂದ ನೋಡುತ್ತಿದ್ದಿ. ನನ್ನನ್ನು ಪೇಟಿಯ ಮುಂದೆ ಕೂರಿಸಿ, ತಾವು ಹಾಡುವ ಸುರದ ಕರೀ ಪಟ್ಟಿ ಒತ್ತಿ ಹಿಡಿದು, "ಇದು ನನ್ನ ಸಾ. ಇದನ್ನ ಬಾಯಾಗ ಹಿಡಕೊಂಡು ಹೋಗು. ಕೊಳಲಿನ ಸಾ ಇದಕ್ಕ ಕೂಡಬೇಕು. ದಾರ್ಯಾಗ ಚೆಲ್ಲಬ್ಯಾಡ," ಅಂದರು. ಪೇಟಿ ಹೊತ್ತುಕೊಂಡು ಹುಬ್ಬಳ್ಳಿಗೆ ಹೋಗಲಾಗುತ್ತದೆಯೇ? ಸುರವನ್ನಾದರೂ ಒಯ್ಯಬೇಕು. ನಾನು ಒಯ್ದೆ. ಬಾಯಿ ಮುಚ್ಚಿಕೊಂಡು ಒಳಗೊಳಗೇ ಗುಂಯ್ ಅನ್ನುತ್ತ ಬಸ್ಸು ಹತ್ತಿದೆ. ಕಂಡಕ್ಟರ್ ಕೂಗುತ್ತಾನೆ, ಬಸ್ಸು ಗಡಗಡ ಅನ್ನುತ್ತದೆ, ಹಿಂದೆ ಯಾರದೋ ಕೂಸು ಅಳುತ್ತದೆ — ನಾನು ಸಾ ಬಿಡಲಿಲ್ಲ. ನಿನ್ನ ಅಣ್ಣ, "ಏನು, ಮೌನವ್ರತ ಹಿಡದೀಯೇನು? ಹಿಂಗ ದಿನಾ ಇದ್ರ ಎಷ್ಟು ಚೊಲೋ," ಅಂತ ಚಾಷ್ಟಿ ಮಾಡಿದ. ಉತ್ತರ ಕೊಟ್ಟರೆ ಸುರ ಜಾರೀತು ಅಂತ ಕಣ್ಣಲ್ಲೇ ಗದರಿದೆ. ಮೊರಬಕ್ಕೆ ಬಂದ ಮೇಲೆ ನನ್ನದು ಅಂತ ನನಗೆ ಸಿಕ್ಕ ಮೊದಲ ಕೆಲಸ ಅದು. ಆ ಪ್ರಯಾಣದಷ್ಟು ಸುಖ ನಾನು ಬಹಳ ಕಂಡಿಲ್ಲ.

ನಿನ್ನ ಅಣ್ಣ ನನ್ನನ್ನು ವಾದ್ಯದ ಅಂಗಡಿಯಲ್ಲಿ ಬಿಟ್ಟು ರೇಡಿಯೋ ಹಿಡಿದುಕೊಂಡು ಹೋದ. ಅಂಗಡಿಯವನು ವಯಸ್ಸಾದವನಲ್ಲ, ಮಾತುಗಾರ. ನಡುವಿಂದು ಬೇಕು ಅಂದೆ. ನಕ್ಕು, "ತಿಳೀತ್ರಿ ಅಕ್ಕಾರ. ಆಟಿಗಿ ಸಾಮಾನೂ ಬ್ಯಾಡ, ಕಚೇರಿದೂ ಬ್ಯಾಡ," ಅಂದ. ನಾನು ಬಾಯಿ ತೆರೆದು ಸಾ ಕೊಟ್ಟೆ. ಆ ಸುರದವು ಮೂರು ಕೊಳಲು ತೆಗೆದು ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟ. ಒಂದೊಂದನ್ನೂ ಅವನೇ ಊದಿ ತೋರಿಸಿದ, ನಾನು ಕೇಳಿದೆ. ಮೊದಲನೆಯದರಲ್ಲಿ ಕೆಳಗಿನ ಸ್ವರಕ್ಕೆ ದನಿಗಿಂತ ಗಾಳಿಯೇ ಹೆಚ್ಚು. ಎರಡನೆಯದು ಕೆಳಗೆ ಸರಿ, ಮೇಲಿನ ಸಾ ಮುಟ್ಟುವಾಗ ತುಸು ಏರುತ್ತಿತ್ತು, ಹಾಗಂದೆ. ಅವನು ಇನ್ನೊಮ್ಮೆ ಊದಿ, ಹುಬ್ಬು ಏರಿಸಿ, ಅದನ್ನು ಬದಿಗಿಟ್ಟ. ಮೂರನೆಯದು ಊದಿದಾಗ ನಾನು ಹಿಡಿದು ತಂದ ಸಾ ಯಾವುದು, ಕೊಳಲಿನದು ಯಾವುದು ಅಂತ ನನಗೇ ತಿಳಿಯಲಿಲ್ಲ. "ಕಿವಿ ಭಾರಿ ಐತ್ರಿ ಅಕ್ಕಾರ ನಿಮ್ದು," ಅಂದ ಅವನು.

ಕೊಳಲನ್ನು ಕಾಗದದಲ್ಲಿ ಸುತ್ತಲು ಹೋದವನು ಕೈ ತಡೆದು ಕೇಳಿದ: "ಊದಾವ್ರು ಬಲಗೈಯವ್ರೋ, ಎಡಗೈಯವ್ರೋ?"

ಅದ್ಯಾಕೆ ಅಂದೆ. ಅವನು ಬೆರಳಿಟ್ಟು ತೋರಿಸಿದ. "ಸಣ್ಣ ಕೊಳಲಿಗೆ ಎಲ್ಲಾ ತೂತು ಒಂದ ಗೆರಿ ಮ್ಯಾಲೆ ಇರ್ತಾವ್ರಿ, ಯಾ ಬಾಜೂಕ ಹಿಡದ್ರೂ ನಡೀತೈತಿ. ಇದು ಉದ್ದ. ಕೆಳಗಿನ ತೂತು ಬೆರಳಿಗೆ ಎಟಕಲಿ ಅಂತ ಒಂದೀಟು ವಾರಿ ಕೊರದಿರ್ತಾರ. ಇವು ಮೂರೂ ಬಲಗೈದ್ದು. ಎಡಗೈದ್ದು ಬೇಕಂದ್ರ ಹೇಳ್ರಿ, ಹಂಗ ಕೊರಸಿ ತರಸ್ತೀನಿ. ಎಂಟ್ಹತ್ತು ದಿವ್ಸ ಹಿಡೀತೈತಿ, ಅಷ್ಟ."

ಸಪ್ತಾಹಕ್ಕೆ ಅದಕ್ಕಿಂತ ಹೆಚ್ಚು ದಿನ ಇದ್ದವು, ಇಂದೂ. ಸಮಯ ಇತ್ತು.

"ಬಲಗೈ," ಅಂದೆ.

ಯಾಕೆ ಅಂದೆ ಅಂತ ಆಮೇಲೆ ನನಗೆ ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ಮೊದಲೆಲ್ಲ ಅತ್ತಿಯ ಹೆಸರು ಹೇಳಿಕೊಳ್ಳುತ್ತಿದ್ದೆ — ಎಡಗೈ ಅನ್ನುವ ಮಾತು ಹೊರಗೆ ಆಡಬಾರದು ಅಂತ ಅವರ ತಾಕೀತು ಇತ್ತಲ್ಲ, ನಿನ್ನ ಮದುವೆಯ ಸಲುವಾಗಿ ಬಾಯಿ ಕಟ್ಟಿಕೊಂಡೆ ಅಂತ. ಸುಳ್ಳು. ಆ ಅಂಗಡಿಯಲ್ಲಿ ನಮ್ಮನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಆಮೇಲೆ, ಬರಿಗೈಲಿ ಹೋದರೆ ಮಾವನವರು ನೊಂದುಕೊಂಡಾರು ಅನ್ನಿಸಿತು ಅಂತ ಹೇಳಿಕೊಂಡೆ. ಅದು ಅರ್ಧ ಖರೆ. ಉಳಿದ ಅರ್ಧ ಏನೆಂದರೆ, ಎಡಗೈಯದು ಅಂದಿದ್ದರೆ ಆ ಮೂರನೆಯ ಕೊಳಲು ಅಲ್ಲೇ ಉಳಿಯುತ್ತಿತ್ತು. ನನ್ನ ಕಿವಿ ಆರಿಸಿದ ಕೊಳಲು. ಅದನ್ನು ಮನೆಗೆ ತಂದು ಪೇಟಿಯ ಮುಂದೆ ಇಟ್ಟು, ನೋಡ್ರಿ, ನಾ ಆರಿಸಿದ್ದು ಹೆಂಗದ, ಅನ್ನಬೇಕಿತ್ತು ನನಗೆ. ನೀನು ಅದನ್ನು ಊದಬಲ್ಲೆಯೋ ಇಲ್ಲವೋ ಅನ್ನುವುದು ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇರಲಿಲ್ಲ ಅಂತ ಬರೆಯಲು ಹೋದೆ — ಅದೂ ಸುಳ್ಳು. ಇತ್ತು. ಗೊತ್ತಿದ್ದೇ ಬಲಗೈ ಅಂದೆ.

ಅವನು ಕೊಳಲು ಸುತ್ತಿ ಕೊಟ್ಟು, "ಬೆರಳಿಗೆ ಹೊಂದಲಿಲ್ಲ ಅಂದ್ರ ತಗೊಂಡು ಬರ್ರಿ, ಬದಲಿ ಮಾಡಿ ಕೊಡ್ತೀನಿ," ಅಂದ. ತಲೆ ಅಲ್ಲಾಡಿಸಿದೆ. ಈ ಮಾತನ್ನೂ ನಾನು ಮನೆಗೆ ತರಲಿಲ್ಲ. ಅಷ್ಟು ದೂರ ಸುರ ಒಯ್ದೆ, ಒಂದು ಕೂದಲಷ್ಟೂ ಜಾರಲಿಲ್ಲ; ಎರಡು ಮಾತು ತರುವುದು ನನ್ನಿಂದ ಆಗಲಿಲ್ಲ.

ಮನೆಗೆ ಬಂದಾಗ ನೀನಿನ್ನೂ ಹಿತ್ತಲ ಬಾಗಿಲಲ್ಲೇ ಇದ್ದಿ. ಕೊಳಲು ಮುಟ್ಟುವಂತಿಲ್ಲ. ಪಡಸಾಲೆಯ ಮಣೆಯ ಮೇಲೆ ಅದನ್ನು ಇಟ್ಟೆವು, ನೀನು ದೂರದಿಂದ ಕತ್ತು ಉದ್ದ ಮಾಡಿ ನೋಡಿದಿ. ಅಂಗಡಿಯವನ ಬಾಯಿ ತಾಗಿದ್ದು ಅಂತ ಅತ್ತಿ ಅದಕ್ಕೆ ನೀರು ಚಿಮುಕಿಸಿದರು. ಆಗ ನೀನು ಕೇಳಿದಿ: "ವೈನಿ, ಅದರ ಸಾ ಹೆಂಗದ? ಒಂದೀಟು ಹಾಡಿ ತೋರಸ್ರಿ."

ಹಾಡಿದೆ. ಆ ಮನೆಯಲ್ಲಿ ನಾನು ಬಾಯಿ ಬಿಟ್ಟು ಹಾಡಿದ್ದು ಅದೇ ಮೊದಲು. ಮಾವನವರು ಪೇಟಿ ಒತ್ತಿ ತಾಳೆ ನೋಡಿ, "ಅಗದಿ ಬರೋಬ್ಬರಿ! ಶಾಬ್ಬಾಸ್," ಅಂದರು. ನೀನು ಬಾಗಿಲಿಗೆ ಒರಗಿ ಕಣ್ಣು ಮುಚ್ಚಿ ಕೇಳಿದಿ. "ಎಷ್ಟು ಚಂದ ಹಾಡತೀರಿ ವೈನಿ, ನಂಗ ಹೇಳಿಲ್ಲಲಾ," ಅಂದಿ. ಆಗಲಾದರೂ ಹೇಳಬೇಕಿತ್ತು. ಎರಡು ದಿನ ಪೂರಾ ಇತ್ತು ನನ್ನ ಕೈಯಲ್ಲಿ — ನೀನು ದೂರ ಕೂತಿದ್ದಿ, ಕೊಳಲು ಮಣೆಯ ಮೇಲಿತ್ತು, ನಡುವೆ ನಾನು ಅಡ್ಡಾಡುತ್ತಿದ್ದೆ.

ತಲೆ ಸ್ನಾನ ಮಾಡಿ ಒಳಗೆ ಬಂದವಳೇ, ಒದ್ದೆ ಕೂದಲಲ್ಲೇ ಕೊಳಲು ಎತ್ತಿಕೊಂಡಿ. ಎಡಕ್ಕೆ ಹಿಡಿದಿ. ಮೇಲಿನ ಸ್ವರ ಬಂದವು. ಎಂಥ ದನಿ ಅದು — ತುಂಬಿದ ದನಿ. ಮಾವನವರು ಎದ್ದೇ ನಿಂತರು. ಕೆಳಗೆ ಇಳಿಯುತ್ತ ಇಳಿಯುತ್ತ ನಿನ್ನ ಬೆರಳು ತೂತು ಹುಡುಕಿದವು. ತೂತು ಆ ಕಡೆ ವಾರೆಯಾಗಿದ್ದವು. ಗಾಳಿ ಸೋರಿತು. ಇನ್ನೊಮ್ಮೆ ಊದಿದಿ, ಮತ್ತೆ ಸೋರಿತು. ಬೆರಳು ಮಡಿಸಿ, ಚಾಚಿ, ಮಣಿಕಟ್ಟು ತಿರುವಿ ನೋಡಿದಿ. ಸಂಜೆಯವರೆಗೆ ಬಿಡಲಿಲ್ಲ.

ಮಾವನವರಿಗೆ ಪೇಟಿಯ ವಿದ್ಯೆ ಗೊತ್ತು, ಕೊಳಲಿನದು ಗೊತ್ತಿಲ್ಲ. "ರೂಢಿ ಆಗತದ, ರೂಢಿ ಆಗತದ," ಅಂದರು. ನೀನು ನನ್ನ ಹತ್ತಿರ ಬಂದಿ. ನಾನು ದೀಪದ ಗಾಜು ಒರೆಸುತ್ತಿದ್ದೆ. ಮೆಲ್ಲಕ್ಕೆ ಕೇಳಿದಿ: "ವೈನಿ, ಇದು ಬಲಗೈಯವರದು ಕಾಣತದ. ಎಡಗೈಯವರದು ಬ್ಯಾರೆ ಇರ್ತಾವೇನು? ಅಂಗಡ್ಯಾಗ ಕೇಳಿದ್ರೇನು?"

ಎಷ್ಟು ಸರಿಯಾಗಿ ಕೇಳಿದಿ. ಬೇರೆ ಏನಾದರೂ ಕೇಳಿದ್ದರೆ ನಾನು ಜಾರಿಕೊಳ್ಳುತ್ತಿದ್ದೆನೇನೋ. ಇದಕ್ಕೆ ಹೌದು ಅನ್ನಬೇಕು, ಇಲ್ಲ ಸುಳ್ಳು ಹೇಳಬೇಕು.

"ಕೇಳಿದೆ," ಅಂದೆ. "ಎಡಗೈಗೆ ಯಾರೂ ಕೊಳಲು ಮಾಡಂಗಿಲ್ಲಂತ." ಅಷ್ಟಕ್ಕೇ ಬಿಡಲಿಲ್ಲ. ಕ್ಯಾಲೆಂಡರಿನ ಕಡೆ ಕೈ ಮಾಡಿ, "ಕೃಷ್ಣ ಸುದ್ದಾ ಬಲಕ್ಕ ಹಿಡದಾನ ನೋಡು," ಅಂದೆ.

ನೀನು ಆ ಪಟದ ಕಡೆ ನೋಡಿದಿ. ಬಾಜೂ ಇದ್ದ ಕನ್ನಡಿಯ ಕಡೆ ನೋಡಲಿಲ್ಲ. "ಹೌದಲಾ," ಅಂದಿ. ಇಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಸಾಲಿಯಲ್ಲಿ ಬರೆಸುತ್ತಿದ್ದರು. ಹೋಯಿತು ಅಂದರೆ ಏನು ಅಂತ ನನಗೆ ಆವತ್ತು ತಿಳಿಯಿತು.

ಆಮೇಲಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನೀನು ಕೈ ತಿರುಗಿಸಿಕೊಂಡಿ. ಬಲಕ್ಕೆ ಹಿಡಿದರೆ ಬೆರಳು ಕೂತವು, ತುಟಿ ಕೂಡಲಿಲ್ಲ. ವರ್ಷಗಟ್ಟಲೆ ಎಡಕ್ಕೆ ಊದಿದ ತುಟಿ ಅದು. ಸ್ವರದ ಬದಲು ಉಸಿರು. ಊದಿ ಊದಿ ತಲೆ ತಿರುಗಿ ಗೋಡೆಗೆ ಒರಗುತ್ತಿದ್ದಿ. ಹಳೆಯ ಸಣ್ಣ ಕೊಳಲನ್ನು ಮತ್ತೆ ಎಡಕ್ಕೆ ಹಿಡಿದರೆ, ಮನಸ್ಸು ಕೆಟ್ಟುಹೋಗಿ, ಅದೂ ಬರುತ್ತಿರಲಿಲ್ಲ. ಸಪ್ತಾಹದಲ್ಲಿ ಮಾವನವರ ಬಾಜೂ ನಿನ್ನ ಜಾಗ ಖಾಲಿ. ನೀನು ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ಕೂತು ತಾಳ ಹಾಕಿದಿ. ಮಾವನವರು ನಡುನಡುವೆ ಪೇಟಿಯಿಂದ ತಲೆ ಎತ್ತಿ ನಮ್ಮ ಕಡೆ ನೋಡುತ್ತಿದ್ದರು. ನಾನು ಭಜನೆಗೆ ದನಿಗೂಡಿಸಲಿಲ್ಲ. ಆ ಏಳು ದಿನ ನನ್ನ ಗಂಟಲಿನಿಂದ ಸಾ ಹೊರಡಲಿಲ್ಲ.

"ನನ್ನ ಬಳ್ಳಿನ್ಯಾಗ ವಿದ್ಯಾ ಇಲ್ಲ ಬಿಡ್ರಿ ವೈನಿ," ಅಂತ ಒಂದು ದಿನ ಕೊಳಲನ್ನು ಗೋಡೆಯ ಗೂಟಕ್ಕೆ ತೂಗುಹಾಕಿದಿ. ಬೆರಳಲ್ಲಿ ವಿದ್ಯೆ ಇತ್ತು, ಇಂದೂ. ಕೊಳಲಿನಲ್ಲಿಯೂ ದೋಷ ಇರಲಿಲ್ಲ.

ಈಗ ಹೇಳುವುದು ಎಲ್ಲಕ್ಕಿಂತ ಕಷ್ಟದ್ದು. ಕೊಳಲು ಗೂಟಕ್ಕೆ ಹೋದ ಮೇಲೆ ನೀನು ಸಂಜೆ ಅಡಿಗೆಮನೆಗೆ ಬಂದಿ. ಕೆರೆಗೆ ನನ್ನ ಜೋಡಿ ಬಂದಿ. ಒಲೆಯ ಮುಂದೆ ಕೂತು, ಊದುಗೊಳವಿಯನ್ನು ಎಡಗೈಲಿ ಹಿಡಿದು ಬೆಂಕಿ ಊದಿ, "ಇದಕ್ಕ ಎಡಾ ಬಲಾ ಭೇದ ಇಲ್ಲ ನೋಡ್ರಿ ವೈನಿ, ಭಾಳ ಶಾಣ್ಯಾ ಅದ," ಅಂತ ನಗಿಸಿದಿ. ನಾನು ನಕ್ಕೆ. ಹೊಗೆಯ ನೆಪದಲ್ಲಿ ಕಣ್ಣು ಒರೆಸಿಕೊಂಡೆ. ಆದರೆ ಸುಳ್ಳು ಹೇಳುವುದಿಲ್ಲ — ನನಗೆ ಆ ದಿನಗಳಲ್ಲಿ ಹಿತವೂ ಆಯಿತು. ಕೊಡ ಹಗುರಾಯಿತು, ಮಾತಿಗೆ ಜನ ಸಿಕ್ಕಿತು. ನಾನು ಭಕ್ರಿ ಬಡಿಯುತ್ತ ಹಾಡುವುದು, ನೀನು ಬೇಯಿಸುತ್ತ ಕೇಳುವುದು. ನಮ್ಮ ಗೆಳೆತನ ಆ ಒಲೆಯ ಮುಂದೆ ಬೆಳೆಯಿತು. ಬೆಳೆದದ್ದು ಯಾವುದರ ಮೇಲೆ ಅಂತ ನನಗೊಬ್ಬಳಿಗೇ ಗೊತ್ತಿತ್ತು. ನಿನ್ನ ಕೊಳಲು ನಿಂತದ್ದಕ್ಕೆ ನೀನು ನನಗೆ ಸಿಕ್ಕಿ. ಅದನ್ನು ಕಳೆದುಕೊಳ್ಳಬಾರದು ಅಂತಲೇ ಮುಂದೆ ಪ್ರತಿಸಲವೂ ಬಾಯಿ ಮುಚ್ಚಿಕೊಂಡೆ. ಮೊದಲ ಸುಳ್ಳು ಹೊಟ್ಟೆಕಿಚ್ಚಿನದು. ಆಮೇಲಿನ ಮೌನ ಪ್ರೀತಿಯದು. ಪ್ರೀತಿಯದು ಅಂದಾಕ್ಷಣ ಅದು ಕಡಿಮೆ ತಪ್ಪೇನಲ್ಲ.

ನಿನ್ನ ಮದುವೆಯಾಗಿ ಅಣ್ಣಿಗೇರಿಗೆ ಹೋದಿ. ನಿನ್ನ ಗಂಡನ ಮನೆಯವರು ಎಡಗೈ ಬಲಗೈ ಅಂತ ಒಂದು ಮಾತೂ ಎತ್ತಲಿಲ್ಲ. ಮಾವನವರು ಕಡೆಯ ವರ್ಷಗಳಲ್ಲಿ ಪೇಟಿ ಮುಚ್ಚುವಾಗ ಒಮ್ಮೊಮ್ಮೆ, "ಕೊಳಲು ಬರೋಬ್ಬರಿ ಆರಿಸಿದ್ದಿ ನೀ. ನಮ್ಮ ಹುಡುಗಿ ನಸೀಬಿನ್ಯಾಗ ಇರಲಿಲ್ಲ," ಅನ್ನುತ್ತಿದ್ದರು. ಅವರಿಗೂ ನಾನು ಹೇಳಲಿಲ್ಲ. ಮಗಳ ನಸೀಬನ್ನು ಬೈದುಕೊಂಡೇ ಹೋದರು. ಅವರಿಗೆ ಇನ್ನು ಹೇಳುವಂತಿಲ್ಲ.

ಹೋದ ವಾರ ನಿನ್ನ ಮನೆಗೆ ಬಂದಿದ್ದೆನಲ್ಲ. ಶ್ರಾವಣಿ ಸಾಲಿಯಿಂದ ಬಂದವಳೇ ಚೀಲ ಮೂಲೆಗೆ ಒಗೆದು ಕೊಳಲು ಎತ್ತಿಕೊಂಡಳು. ನಿನ್ನ ಮೊಮ್ಮಗಳು, ಎಡಕ್ಕೇ ಹಿಡಿದಳು. ನಿನ್ನ ಮಗ ಅಂದ: "ಅವ್ವಾ, ಇಕಿಗೆ ಈ ಸಣ್ಣದು ಸಾಲವಲ್ದು. ನಡುವಿಂದೊಂದು ಕೊಡಸಬೇಕು." ನೀನು ಚಹಾ ಸೋಸುತ್ತ ಅಂದಿ:

"ಮೊದಲ ಕೈ ತಿರುಗಿಸಿಕೊಳ್ಳಲಿ. ಎಡಗೈಗೆ ಕೊಳಲು ಮಾಡಂಗಿಲ್ಲ. ನಮ್ಮ ವೈನಿ ಆಗಿನ ಕಾಲದಾಗ ಹುಬ್ಬಳ್ಳಿತನಾ ಹೋಗಿ ಕೇಳಿಕೊಂಡು ಬಂದಿದ್ರು. ಹೌದಲ್ರೀ ವೈನಿ?"

ನಾನು ಹೌದು ಅಂದೆ.

ನಿನ್ನ ಮಗ, "ಹಂಗೇನು? ಫೋನಿನ್ಯಾಗ ನೋಡಿದ್ರ ತಿಳೀತದ," ಅಂದ. "ವೈನಿ ಹೇಳ್ಯಾರ ಅಂದಮ್ಯಾಲೆ ಮತ್ತೇನು ನೋಡ್ತಿ," ಅಂತ ನೀನು ಅವನ ಬಾಯಿ ಮುಚ್ಚಿಸಿದಿ. ಆ ಹುಡುಗಿ ನನ್ನ ಮುಖ ನೋಡಿ, ಕೊಳಲನ್ನು ಬಲಕ್ಕೆ ತಿರುಗಿಸಿ ಊದಿದಳು. ಉಸಿರಷ್ಟೇ ಬಂತು. ಆ ಸದ್ದು ನನಗೆ ಗುರುತಿತ್ತು.

ಹೇಗಿದ್ದರೂ ಅವನು ನೋಡಿಯೇ ನೋಡುತ್ತಾನೆ, ಗೊತ್ತಾಗುತ್ತದೆ, ಅದಕ್ಕೇ ಈಗ ಹೇಳುತ್ತಿದ್ದೀರೇನು ಅಂತ ನೀನು ಕೇಳಬಹುದು. ಕೇಳು. ಒಂದಿಷ್ಟು ಅದೂ ಇದೆ. ಆದರೆ ನನ್ನ ಹೊಟ್ಟೆಕಿಚ್ಚಿನ ಮಾತು ನಿನ್ನ ಬಾಯಲ್ಲಿ ಹಿರಿಯರ ಮಾತಾಗಿ, ಆ ಮಗುವಿನ ಕೈ ತಿರುಗಿಸುವುದನ್ನು ಕಣ್ಣಾರೆ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನಿನ್ನ ಕೈ ತಿರುಗಿಸಿದ್ದು ನಾನೊಬ್ಬಳು. ಅವಳ ಕೈಯನ್ನು ನಿನ್ನಿಂದ ತಿರುಗಿಸಿದೆನಲ್ಲ.

ನಾಳೆ ಬರುತ್ತೇನೆ. ಇದನ್ನು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೆ ಎದುರಿಗೇ ಕೂಡುತ್ತೇನೆ. ಚಹಾಕ್ಕೆ ಇಡಬೇಡ. ಓದಿದ ಮೇಲೆ ನೀನು ಏನಂದರೂ ಕೇಳುತ್ತೇನೆ. ಏನೂ ಅನ್ನದೆ ಒಳಗೆ ಹೋದರೆ, ಸಂಜೆ ಬಸ್ಸಿಗೆ ಎದ್ದು ಬರುತ್ತೇನೆ. ಕ್ಷಮಿಸು ಅಂತ ಕೇಳಲು ನಾಲಿಗೆ ಏಳುತ್ತಿಲ್ಲ. ನಲವತ್ತು ಚಿಲ್ಲರೆ ವರ್ಷ ನಿನ್ನ ಕೈಯ ಚಹಾ ಕುಡಿದವಳು ನಾನು.

ಒಂದು ಮಾತ್ರ ಕೇಳಿಕೊಳ್ಳುತ್ತೇನೆ. ಶ್ರಾವಣಿಯನ್ನು ಕರೆದುಕೊಂಡು ಅಂಗಡಿಗೆ ನೀನೇ ಹೋಗು. ಅಲ್ಲಿ ಕೇಳುತ್ತಾರೆ, ಎಡಗೈಯೋ ಬಲಗೈಯೋ ಅಂತ. ನಾನು ಬಂದರೂ ಹೊರಗೇ ನಿಂತಿರುತ್ತೇನೆ. ಉತ್ತರ ನೀನು ಹೇಳು.